“ನಿನಗೆ ಗೊತ್ತೇ ಇದೆ” ಎಂಬ ಮಾತಿಗೆ ಗೀಟು ಎಳೆದ ಶಿಬಿರ

ಕತೆ ಬರೆಯುವವರಿಗೂ ಚಿತ್ರಕಥೆ ಬರೆಯುವವರಿಗೂ ಸಂಭಾಷಣೆಯ ತರಬೇತಿಯನ್ನು ಒಟ್ಟಿಗೇ ಕೊಡುತ್ತೇವೆ ಎಂಬ ಕರಪತ್ರವನ್ನು ನೋಡಿ, ಕಳೆದ ಮಳೆಗಾಲದಲ್ಲಿ ಉಡುಪಿಯಲ್ಲಿ ನಡೆದ ಎರಡು ದಿನಗಳ ಶಿಬಿರವೊಂದಕ್ಕೆ ನಾನು ಮಂಗಳೂರಿನಿಂದ ಬಸ್ಸು ಹತ್ತಿ ಹೋಗಿದ್ದೆ. ಶುಲ್ಕ 2,500 ರೂಪಾಯಿ. ಮಧ್ಯಾಹ್ನದ ಊಟ, ಎರಡು ಹೊತ್ತಿನ ಚಹಾ ಮತ್ತು ಒಂದು ಕೈಪಿಡಿ ಅದರಲ್ಲೇ ಸೇರಿದ್ದವು. ಶಿಬಿರಾರ್ಥಿಗಳು ತಾವು ಬರೆದ ಒಂದು ದೃಶ್ಯವನ್ನು ಮುಂಚಿತವಾಗಿ ಕಳುಹಿಸಬೇಕೆಂದೂ ಅದರ ಮೇಲೆಯೇ ಕೆಲಸ ನಡೆಯುವುದೆಂದೂ ಕರಪತ್ರದಲ್ಲಿತ್ತು. ನಾನು ಸೇರಲು ಮುಖ್ಯ ಕಾರಣ ಆ ಒಂದು ಸಾಲು. ಹೊಗಳಿಕೆಯ ಜೊತೆಗೆ ಕೆಲವು ದೂರುಗಳನ್ನೂ ಬರೆಯಬೇಕಾಗಿರುವುದರಿಂದ ಆಯೋಜಕರ ಹೆಸರನ್ನು ಬಿಟ್ಟಿದ್ದೇನೆ. ಇಂತಹ ಶಿಬಿರಗಳು ನಮ್ಮ ಎರಡು ಜಿಲ್ಲೆಗಳಲ್ಲಿ ಈಗ ಆಗಾಗ ನಡೆಯುತ್ತಿರುವುದರಿಂದ, ಸೇರುವ ಮೊದಲು ಏನನ್ನು ವಿಚಾರಿಸಿಕೊಳ್ಳಬೇಕು ಎಂಬುದಕ್ಕಾದರೂ ಈ ಬರಹ ಉಪಯೋಗಕ್ಕೆ ಬರಬಹುದು.

ಮೊದಲ ದಿನದ ಬೆಳಗಿನ ಅವಧಿ ನಿರಾಸೆಯನ್ನೇ ತಂದಿತು. ಒಂಬತ್ತೂವರೆಗೆಂದು ಹೇಳಿದ್ದು ಹತ್ತೂಕಾಲಕ್ಕೆ ಆರಂಭವಾಯಿತು. ಇಪ್ಪತ್ತು ಮಂದಿಗೆ ಮಾತ್ರ ಅವಕಾಶ ಎಂದಿದ್ದವರು ಮೂವತ್ತನಾಲ್ಕು ಮಂದಿಯನ್ನು ಸೇರಿಸಿಕೊಂಡಿದ್ದರು. ಅನಂತರ ಪರದೆಯ ಮೇಲೆ ಒಂದಾದ ಮೇಲೊಂದರಂತೆ ಬಂದ ಸ್ಲೈಡುಗಳಲ್ಲಿ “ಸಂಭಾಷಣೆ ಸಹಜವಾಗಿರಬೇಕು”, “ಸಂಭಾಷಣೆ ಪಾತ್ರವನ್ನು ತೆರೆದು ತೋರಬೇಕು”, “ಸಂಭಾಷಣೆ ಕತೆಯನ್ನು ಮುಂದಕ್ಕೆ ಒಯ್ಯಬೇಕು” ಎಂಬ ಸೂತ್ರಗಳಿದ್ದವು. ಇವು ಸುಳ್ಳಲ್ಲ, ಆದರೆ ಇವನ್ನು ಓದಿ ಯಾರೂ ಒಂದು ಒಳ್ಳೆಯ ಸಾಲನ್ನು ಬರೆದದ್ದಿಲ್ಲ. ಉದಾಹರಣೆಗಳೆಲ್ಲ ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸಿದವು. ಒಂದು ಸ್ಲೈಡಿನಲ್ಲಂತೂ ಗಂಡ ಹೆಂಡತಿಗೆ “ನಾವು ಮಾತನಾಡಬೇಕಾಗಿದೆ” ಎಂದು ಹೇಳುತ್ತಿದ್ದ. ಕಾಪುವಿನಿಂದ ಬೈಂದೂರಿನವರೆಗೆ ಹಾಗೆಂದು ಹೆಂಡತಿಯ ಹತ್ತಿರ ಹೇಳಿ ಮಾತು ಶುರು ಮಾಡುವ ಗಂಡಸು ಎಲ್ಲಿದ್ದಾನೆ ಎಂದು ನನ್ನ ಪಕ್ಕದಲ್ಲಿ ಕುಳಿತಿದ್ದ ನಿವೃತ್ತ ಅಧ್ಯಾಪಕಿಯೊಬ್ಬರು ಮೆಲ್ಲನೆ ಕೇಳಿದರು. ನನಗೂ ಅದೇ ಅನಿಸಿತ್ತು.

ಚಹಾದ ನಂತರ ಸ್ಲೈಡುಗಳನ್ನು ಮುಚ್ಚಿ, ನಾವು ಕಳುಹಿಸಿದ್ದ ಹಾಳೆಗಳನ್ನು ಕೈಗೆತ್ತಿಕೊಂಡಾಗ ಶಿಬಿರದ ಸ್ವರೂಪವೇ ಬದಲಾಯಿತು. ಅದೇ ತರಬೇತುದಾರರು ಬೇರೆಯೇ ಮನುಷ್ಯರಾದಂತೆ ಕಂಡರು. ಮೊದಲಿಗೆ ಅವರ ಕೈಗೆ ಸಿಕ್ಕಿದ್ದು ನನ್ನ ದೃಶ್ಯ. ದುಬೈಯಲ್ಲಿರುವ ತಮ್ಮ ರಜೆಯಲ್ಲಿ ಊರಿಗೆ ಬಂದಿದ್ದಾನೆ. ಬ್ರಹ್ಮಾವರದ ಕಡೆಯ ಹಳೆಯ ಮನೆಯನ್ನು ಮಾರಬೇಕೆಂಬುದು ಅವನ ಮನಸ್ಸಿನಲ್ಲಿದೆ. ಆ ಮನೆಯಲ್ಲೇ ಉಳಿದಿರುವ ಅಕ್ಕನಿಗೆ ಅದು ಇಷ್ಟವಿಲ್ಲ. ನಾನು ಬರೆದದ್ದು ನಾಲ್ಕು ಪುಟ. ಅದರಲ್ಲಿ ತಮ್ಮನ ಮೊದಲ ಮಾತು ಹೀಗಿತ್ತು: “ಅಕ್ಕಾ, ಅಪ್ಪ ತೀರಿಕೊಂಡು ಮೂರು ವರ್ಷವಾಯಿತು, ಈ ಸಲ ನಾನು ಬಂದಿರುವುದು ಮನೆಯ ವಿಚಾರವನ್ನು ತೀರ್ಮಾನ ಮಾಡುವುದಕ್ಕೆ ಎಂಬುದು ನಿನಗೆ ಗೊತ್ತೇ ಇದೆ.”

ತರಬೇತುದಾರರು “ಗೊತ್ತೇ ಇದೆ” ಎಂಬ ಎರಡು ಪದಗಳ ಕೆಳಗೆ ಕೆಂಪು ಗೀಟು ಎಳೆದು, “ಅವಳಿಗೆ ಗೊತ್ತಿದ್ದರೆ ಇವನು ಯಾರಿಗೆ ಹೇಳುತ್ತಿದ್ದಾನೆ?” ಎಂದು ಕೇಳಿದರು. ಓದುಗರಿಗೆ ಎಂಬ ಉತ್ತರವನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅನಂತರ ಅವರು ನಾಲ್ಕು ಪುಟಗಳಲ್ಲಿ ಹೊಸದೇನನ್ನೂ ಸೇರಿಸದೆ ಬರಿಯ ಹೊಡೆದುಹಾಕುತ್ತಲೇ ಹೋದರು. ಮೂರನೆಯ ಪುಟದಲ್ಲಿ ಹಂಚಿನ ಬಗ್ಗೆ, ಸುಮ್ಮನೆ ಹೊತ್ತು ಕಳೆಯಲೆಂಬಂತೆ ನಾನು ಬರೆದಿದ್ದ ಕೆಲವು ಸಾಲುಗಳನ್ನು ಮಾತ್ರ ಉಳಿಸಿ, ಅವನ್ನೇ ದೃಶ್ಯದ ಆರಂಭವಾಗಿ ಇಟ್ಟರು.

“ಹಂಚು ಹೊಸತು ಹಾಕಿಸಿದ್ದಾ?”

“ಮಳೆಗೆ ಮೊದ್ಲು ಹಾಕಿಸ್ಬೇಕಲ್ಲ.”

“ಎಷ್ಟಾಯ್ತು?”

“ನೀನು ಕೊಡುದು ಬೇಡ.”

“ಕೊಡ್ತೇನೆ ಅಂತ ಹೇಳಿದ್ನಾ ನಾನು?”

“ಇಲ್ಲ. ನೀನು ಹೇಳ್ಲಿಲ್ಲ.”

ಮಾರಾಟ ಎಂಬ ಪದ ಇಲ್ಲೆಲ್ಲೂ ಇಲ್ಲ, ಅಪ್ಪ ಸತ್ತ ಸುದ್ದಿಯೂ ಇಲ್ಲ. ಆದರೂ ಹಂಚು ಹಾಕಿಸಿದವಳು ಮನೆಯನ್ನು ಬಿಡುವವಳಲ್ಲ ಎಂಬುದೂ, ಅದಕ್ಕೆ ಹಣ ಕೊಡದವನಿಗೆ ಆ ಮನೆಯ ಮೇಲೆ ಎಷ್ಟು ಹಕ್ಕು ಎಂಬ ಪ್ರಶ್ನೆಯೂ ಆರು ಸಾಲುಗಳಲ್ಲಿ ಬಂದುಹೋಗಿವೆ. ಒಂದು ಪಾತ್ರ ಕೇಳಿದ್ದಕ್ಕೆ ಇನ್ನೊಂದು ಪಾತ್ರ ನೇರವಾಗಿ ಉತ್ತರ ಕೊಡದೆ, ಅದರ ಹಿಂದಿರುವ ಉದ್ದೇಶಕ್ಕೆ ಉತ್ತರ ಕೊಟ್ಟಾಗ ಸಂಭಾಷಣೆಗೆ ಜೀವ ಬರುತ್ತದೆ ಎಂದು ಅವರು ವಿವರಿಸಿದರು. “ಎಷ್ಟಾಯ್ತು” ಎಂಬ ಪ್ರಶ್ನೆಗೆ ಮೊತ್ತವನ್ನು ಹೇಳಿಬಿಟ್ಟಿದ್ದರೆ ಅದು ಲೆಕ್ಕಪತ್ರವಾಗುತ್ತಿತ್ತು. ಈ ಒಂದು ಗಂಟೆಗೇ ನಾನು ಕೊಟ್ಟ ಶುಲ್ಕದ ಬಹುಪಾಲು ತೀರಿತು ಎಂದು ಹೇಳಲು ನನಗೆ ಸಂಕೋಚವಿಲ್ಲ, ನನ್ನ ಮೂರು ಪುಟಗಳು ಎಲ್ಲರೆದುರಿಗೆ ಕಸದ ಬುಟ್ಟಿಗೆ ಹೋದ ನೋವು ಸ್ವಲ್ಪ ಇದ್ದರೂ.

ಮಧ್ಯಾಹ್ನದ ಅವಧಿಯಲ್ಲಿ ಕನ್ನಡದ ಸ್ವಭಾವಕ್ಕೇ ಸಂಬಂಧಪಟ್ಟ ವಿಷಯಗಳು ಬಂದವು. ಈ ಶಿಬಿರ ಬೇರೆ ಶಿಬಿರಗಳಿಗಿಂತ ಭಿನ್ನವೆಂದು ನನಗೆ ತೋರಿದ್ದು ಇಲ್ಲಿಯೇ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಆಗುತ್ತದೆ ಆಗುವುದಿಲ್ಲ ಎಂಬ ತೀರ್ಮಾನವೂ ಅಲ್ಲಿಯೇ ಇರುತ್ತದೆ. ಆದ್ದರಿಂದ “ನಾನು ನಾಳೆ ಅವರ ಮನೆಗೆ ಹೋಗಿ ದುಡ್ಡು…” ಎಂಬಲ್ಲಿಗೆ ಮಾತನ್ನು ತುಂಡರಿಸಿದರೆ, ಅವನು ದುಡ್ಡು ಕೊಡುವವನೋ ಕೇಳುವವನೋ, ಕೇಳದೆ ಬರುವವನೋ ಎಂಬುದು ಎದುರಿನವರಿಗೂ ತಿಳಿಯುವುದಿಲ್ಲ, ಪ್ರೇಕ್ಷಕರಿಗೂ ತಿಳಿಯುವುದಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರು ತಡೆಯುವ ಸಂದರ್ಭವನ್ನು ಬರೆಯುವಾಗ ಎಲ್ಲಿ ತಡೆಯಬೇಕು ಎಂಬುದನ್ನು ಈ ದೃಷ್ಟಿಯಿಂದ ಯೋಚಿಸಬೇಕೆಂದು ನನಗೆ ಅದುವರೆಗೆ ಹೊಳೆದಿರಲಿಲ್ಲ. ಹಾಗೆಯೇ, ಮಾತನ್ನು ಮುಗಿಸಿ “ಎಂದಳು” ಎಂದರೆ ಸಾಕು, ಹೆಣ್ಣೆಂಬುದು ಗೊತ್ತಾಗುತ್ತದೆ. “ಎಂದರು” ಎಂದರೆ ಹಿರಿಯರೆಂಬುದೋ ಗೌರವಕ್ಕೆ ಪಾತ್ರರೆಂಬುದೋ ಗೊತ್ತಾಗುತ್ತದೆ. ಇಷ್ಟು ಕೆಲಸವನ್ನು ಒಂದು ಪ್ರತ್ಯಯ ಮಾಡುತ್ತಿರುವಾಗ ಪ್ರತಿ ಮಾತಿಗೂ ಹೆಸರನ್ನು ಸೇರಿಸುವುದೂ, “ಗುಡುಗಿದನು”, “ಉಸುರಿದಳು”, “ಉದ್ಗರಿಸಿದರು” ಎಂದು ಬಣ್ಣ ಬಳಿಯುವುದೂ ಅನವಶ್ಯಕ. ಅಂದು ಸಂಜೆಯವರೆಗೆ “ಎನ್ನು” ಬಿಟ್ಟು ಬೇರೆ ಧಾತುವನ್ನು ಬಳಸಬಾರದೆಂಬ ಕಟ್ಟುಪಾಡನ್ನು ನಮಗೆ ಹಾಕಿದರು. ಒಬ್ಬ ತರುಣ ಕವಿಗೆ ಇದು ಬಹಳ ಕಷ್ಟವಾಯಿತು.

ಮಾತನ್ನು ಎರಡಾಗಿ ಸೀಳಿ ನಡುವೆ “ಎಂದ ಅವನು” ಎಂದು ತುರುಕುವ ಕ್ರಮದ ಬಗ್ಗೆಯೂ ಚರ್ಚೆಯಾಯಿತು. ಅದು ಅನುವಾದದಿಂದ ನಮ್ಮ ಕತೆಗಳಿಗೆ ಬಂದದ್ದೆಂದೂ ಸಂಪೂರ್ಣವಾಗಿ ಬಿಡಬೇಕೆಂದೂ ತರಬೇತುದಾರರ ಮತ. ನಾನು ಇದನ್ನು ಪೂರ್ತಿಯಾಗಿ ಒಪ್ಪುವುದಿಲ್ಲ, ಏಕೆಂದರೆ ನಡುವೆ ಒಂದು ಉಸಿರಿನ ತಡೆ ಬೇಕೆನಿಸಿದಾಗ ಅದು ಒದಗಿಬರುತ್ತದೆ. ಆದರೆ ನನ್ನ ಹಳೆಯ ಕತೆಗಳನ್ನು ತೆಗೆದು ನೋಡಿದಾಗ ಹತ್ತರಲ್ಲಿ ಒಂಬತ್ತು ಕಡೆ ಅಂತಹ ತಡೆಗೆ ಕಾರಣವೇ ಇರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಯಾರು ಯಾರನ್ನು ಹೇಗೆ ಕರೆಯುತ್ತಾರೆ ಎಂಬುದರ ಮೇಲೆ ನಡೆದ ಅಭ್ಯಾಸ ಇಡೀ ಶಿಬಿರದಲ್ಲೇ ಉತ್ತಮವಾದದ್ದು. ಹೋಟೆಲಿನ ಮಾಲಿಕರೊಬ್ಬರು ಹಲವು ವರ್ಷಗಳಿಂದ ತಮ್ಮಲ್ಲಿರುವ ಅಡುಗೆಯವರನ್ನು “ಭಟ್ರೇ, ನೀವು” ಎಂದೇ ಕರೆಯುತ್ತ ಬಂದಿದ್ದಾರೆ. ಒಂದು ದಿನ ಹಣದ ವಿಷಯದಲ್ಲಿ ಅನುಮಾನ ಬಂದಾಗ ಅವರ ಬಾಯಿಂದ “ನೀನು” ಎಂಬ ಒಂದು ಪದ ಜಾರುತ್ತದೆ. ಈ ಸನ್ನಿವೇಶವನ್ನು ಕೊಟ್ಟು, ಬೈಗುಳವಿಲ್ಲದೆ, “ಕಳ್ಳ” ಎಂಬ ಮಾತಿಲ್ಲದೆ ದೃಶ್ಯವನ್ನು ಬರೆಯಿರಿ ಎಂದರು. ಬಹುವಚನದಿಂದ ಏಕವಚನಕ್ಕೆ ಇಳಿಯುವ ಆ ಒಂದು ಕ್ಷಣವೇ ದೃಶ್ಯದ ತಿರುವು ಎಂಬುದು ಎಲ್ಲರಿಗೂ ಅರ್ಥವಾಯಿತು. ಆದರೆ ಆ ತಿರುವಿನ ನಂತರ ಅಡುಗೆಯವರು ಏನು ಹೇಳಬೇಕು ಎಂಬಲ್ಲಿ ಮೂವತ್ತನಾಲ್ಕು ಮಂದಿಯೂ ತಡವರಿಸಿದೆವು. ಕಾರ್ಕಳದಿಂದ ಬಂದಿದ್ದ ಒಬ್ಬಾಕೆ ಬರೆದದ್ದು ಎಲ್ಲರಿಗೂ ಮೆಚ್ಚುಗೆಯಾಯಿತು: ಅಡುಗೆಯವರು ಹೆಗಲ ಮೇಲಿನ ಬೈರಾಸನ್ನು ಕೊಡವಿ, “ಸಾಂಬಾರಿಗೆ ಉಪ್ಪು ಹಾಕಿ ಆಗಿದೆ, ಇನ್ನೊಮ್ಮೆ ಹಾಕ್ಬೇಡಿ” ಎಂದು ಹೇಳಿ ಹೊರಟುಹೋಗುತ್ತಾರೆ.

ಇಷ್ಟೊಂದು ಸೂಕ್ಷ್ಮವಾಗಿ ಕನ್ನಡವನ್ನು ನೋಡುವವರು “ಅಂತೆ” ಎಂಬ ಪ್ರತ್ಯಯವನ್ನು ಹೇಗೆ ಮರೆತರೋ ತಿಳಿಯದು. “ಅವನು ಬರುತ್ತಾನೆ” ಎಂಬುದಕ್ಕೂ “ಅವನು ಬರುತ್ತಾನಂತೆ” ಎಂಬುದಕ್ಕೂ ಇರುವ ಅಂತರದಲ್ಲಿ ನಮ್ಮ ಊರುಗಳ ಅರ್ಧ ಸಮಾಜಜೀವನವೇ ಅಡಗಿದೆ. ಹೇಳಿದ ಮಾತಿಗೆ ತಾನು ಹೊಣೆಯಲ್ಲ ಎಂಬುದನ್ನೂ, ನಂಬಿಕೆ ಪೂರ್ತಿ ಇಲ್ಲ ಎಂಬುದನ್ನೂ, ಕೆಲವೊಮ್ಮೆ ತುಸು ಕೊಂಕನ್ನೂ ಅದು ಒಟ್ಟಿಗೇ ಹೇಳಿಬಿಡುತ್ತದೆ. ಪ್ರಶ್ನೋತ್ತರದ ಸಮಯದಲ್ಲಿ ನಾನು ಇದನ್ನು ಎತ್ತಿದಾಗ, ಮುಂದಿನ ಶಿಬಿರದಲ್ಲಿ ಸೇರಿಸುವುದಾಗಿ ಹೇಳಿದರು. ಸೇರಿಸುತ್ತಾರಂತೆ.

ಮೊದಲ ದಿನದ ಸಂಜೆ ಕೊಟ್ಟ ಮನೆಗೆಲಸವೆಂದರೆ ಎಲ್ಲಿಯಾದರೂ ಹತ್ತು ನಿಮಿಷ ನಿಂತು, ಕಿವಿಗೆ ಬಿದ್ದ ಮಾತನ್ನು ತಿದ್ದದೆ ಬರೆದುಕೊಂಡು ಬರುವುದು. ಹೆಸರು, ಗುರುತು ಸಿಗುವಂತಹದ್ದೇನೂ ಅದರಲ್ಲಿರಬಾರದೆಂಬ ಎಚ್ಚರಿಕೆಯನ್ನು ಕೊಟ್ಟದ್ದು ಸರಿಯಾಗಿತ್ತು. ನಾನು ಸರ್ವಿಸ್ ಬಸ್ ನಿಲ್ದಾಣದಲ್ಲಿ ಮಂಗಳೂರಿನ ಎಕ್ಸ್‌ಪ್ರೆಸ್ಸಿಗೆ ಕಾಯುತ್ತ, ಕಂಡಕ್ಟರರ “ದುಂಬು ಪೋಲೆ” (ಮುಂದೆ ಹೋಗಿ) ಎಂಬ ತುಳು ಕೂಗಿನ ನಡುವೆ ಇಬ್ಬರು ಹಿರಿಯರ ಮಾತನ್ನು ಕೇಳಿದೆ.

“ಮದುವೆಗೆ ಹೋಗಿದ್ರಾ?”

“ಹೋಗಿದ್ದೆ. ಊಟ ಒಳ್ಳೆದಿತ್ತು.”

“ಹುಡುಗ ಹೇಗೆ?”

“ಪಾಯಸ ಎರಡು ಬಗೆ ಇತ್ತು.”

ಇದಕ್ಕಿಂತ ಚೆನ್ನಾಗಿ ಬರೆಯಲು ನನ್ನಿಂದ ಸಾಧ್ಯವಿಲ್ಲ. ಆದರೆ ಮರುದಿನ ಎಲ್ಲರ ಟಿಪ್ಪಣಿಗಳನ್ನು ಓದಿದಾಗ ಇನ್ನೊಂದು ಸತ್ಯವೂ ಹೊರಬಿತ್ತು. ಹತ್ತು ನಿಮಿಷದ ನಿಜವಾದ ಮಾತಿನಲ್ಲಿ ಒಂಬತ್ತು ನಿಮಿಷ ಹೂಂಗುಟ್ಟುವಿಕೆ, ಪುನರುಕ್ತಿ, ಮಳೆಯ ವಿಚಾರ ಮತ್ತು ಬಸ್ಸಿನ ವಿಚಾರ. ಕತೆಯ ಮಾತು ನಿಜವಾದ ಮಾತಿನ ನಕಲಲ್ಲ, ಅದರಿಂದ ಆರಿಸಿ ತೆಗೆದದ್ದು ಎಂಬುದನ್ನು ಬೆಳಗಿನ ಸ್ಲೈಡೊಂದರಲ್ಲಿ ಬರೆದಿದ್ದರು. ಅದು ಅರ್ಥವಾದದ್ದು ಈಗ.

ಆ ನಿಲ್ದಾಣದಲ್ಲಿ ಕೇಳಿದ ಮಾತಿನಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ ಎಲ್ಲವೂ ಇದ್ದವು. ಕುಂದಾಪುರದ ಕಡೆಯವರ “ಹ್ವಾಯ್” ಇತ್ತು. ಇದರಿಂದ ಎರಡನೆಯ ದಿನದ ಬೆಳಿಗ್ಗೆ ದೊಡ್ಡ ವಾಗ್ವಾದವೇ ನಡೆಯಿತು. ನನ್ನ ಅಕ್ಕ-ತಮ್ಮ ಮನೆಯಲ್ಲಿ ಮಾತನಾಡುವುದು ತುಳುವಿನಲ್ಲಿ. ಹಾಗಿರುವಾಗ ಕನ್ನಡದ ಕತೆಯಲ್ಲಿ ಅವರು ಯಾವ ಕನ್ನಡವನ್ನು ಆಡಬೇಕು? ತರಬೇತುದಾರರ ಉತ್ತರ, ಕರಾವಳಿಯ ಕನ್ನಡದಲ್ಲಿ ಬರೆದು ಅಲ್ಲಲ್ಲಿ ಒಂದೆರಡು ತುಳು ಪದಗಳನ್ನು ಸೇರಿಸಿದರೆ ಸಾಕು ಎಂಬುದಾಗಿತ್ತು. ಇದು ಸುಲಭದ ಉತ್ತರ, ಮತ್ತು ನನ್ನ ದೃಷ್ಟಿಯಲ್ಲಿ ಸಾಲದ ಉತ್ತರ. “ಮಾರಾಯ”, “ಎಂತ”, “ಉಂಟು” ಎಂಬ ಮೂರು ಪದಗಳನ್ನು ಸಾಸಿವೆಯಂತೆ ಸಿಡಿಸಿದ ಮಾತ್ರಕ್ಕೆ ಮಾತು ಮಂಗಳೂರಿನದ್ದಾಗುವುದಿಲ್ಲ. ನಮ್ಮ ಕಡೆಯ ಹಲವರಿಗೆ ಕನ್ನಡವೆಂಬುದು ಶಾಲೆಯಲ್ಲಿ ಕಲಿತ ಭಾಷೆಯಾದ್ದರಿಂದ ಅದರಲ್ಲಿ ಒಂದು ಬಗೆಯ ಪುಸ್ತಕದ ಅಚ್ಚುಕಟ್ಟು ಉಳಿದುಕೊಂಡಿದೆ. “ಹೋಗಲಿಕ್ಕೆ ಉಂಟು”, “ಹೇಳಿ ಆಗಿದೆ” ಎಂಬಂತಹ ರಚನೆಗಳಲ್ಲಿ ಆ ಮಾತಿನ ಲಯವಿದೆ. ಆ ಲಯವನ್ನು ಹಿಡಿಯದೆ ಪದಗಳನ್ನಷ್ಟೇ ಹಿಡಿದದ್ದರಿಂದಲೇ ಬಹುಕಾಲ ಕನ್ನಡ ಚಿತ್ರಗಳಲ್ಲಿ ಮಂಗಳೂರಿನ ಕನ್ನಡವೆಂದರೆ ನಗಿಸುವ ಅಡುಗೆ ಭಟ್ಟರ ಕನ್ನಡವೆಂದಾಗಿತ್ತು. ಈಚಿನ ಹತ್ತು-ಹನ್ನೆರಡು ವರ್ಷಗಳಲ್ಲಿ ಈ ನುಡಿಯಲ್ಲಿ ಪ್ರೀತಿಸುವ, ಕೊಲ್ಲುವ, ಅಳುವ ಪಾತ್ರಗಳು ತೆರೆಗೆ ಬಂದ ಮೇಲೆ ಆ ರೂಢಿ ಸಡಿಲಾಗಿದೆ. ತುಳುವಿನಲ್ಲಿ 1971ರಿಂದಲೇ ಚಿತ್ರಗಳು ಬರುತ್ತಿರುವಾಗ, ತುಳು ಸಂಭಾಷಣೆ ಬರೆಯುವ ಒಬ್ಬರನ್ನಾದರೂ ಕರೆಸಿ ಈ ಪ್ರಶ್ನೆಯನ್ನು ಅವರ ಮುಂದೆ ಇಡಬಹುದಿತ್ತು.

ಯಕ್ಷಗಾನದ ಪ್ರಸಂಗವನ್ನು ಕುಳಿತು ಹಾಡು-ಮಾತುಗಳಲ್ಲೇ ನಡೆಸುವ ತಾಳಮದ್ದಳೆಯ ಅವಧಿಯನ್ನು ಸೇರಿಸಿದ್ದಕ್ಕೆ ಆಯೋಜಕರನ್ನು ಮನಸಾರೆ ಅಭಿನಂದಿಸಬೇಕು. ಅದರಲ್ಲಿ ಪಾತ್ರವಾಗಿ ಮಾತನಾಡುವ, ಶೇಣಿ ಗೋಪಾಲಕೃಷ್ಣ ಭಟ್ಟರಂತಹ ಅರ್ಥಧಾರಿಗಳ ಮಾತನ್ನು ಕೇಳಿ ಬೆಳೆದ ಈ ನೆಲದಲ್ಲಿ ಸಂಭಾಷಣೆಯ ಪಾಠವನ್ನು ಬೇರೆ ಎಲ್ಲಿಂದಲೋ ತರುವುದು ವಿಚಿತ್ರವೇ ಸರಿ. ಇಬ್ಬರು ಹಿರಿಯ ಅರ್ಥಧಾರಿಗಳು, ಒಬ್ಬ ಭಾಗವತರು. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟುಕೊಂಡ ಮಾತಿಲ್ಲ. ವಾಲಿವಧೆಯ ಸಂದರ್ಭದಲ್ಲಿ ಬಾಣ ತಗುಲಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದ ರಾಮನನ್ನು ಪ್ರಶ್ನಿಸುವ ಭಾಗವನ್ನು ಸುಮಾರು ಒಂದು ಗಂಟೆ ನಡೆಸಿಕೊಟ್ಟರು. ಭಾಗವತರು ಪದ್ಯ ಹೇಳಿದ ಮೇಲೆ ಅದರ ಅರ್ಥವನ್ನು ಹಿಡಿದು ಮಾತು ಹೊರಡುತ್ತದೆ, ಎದುರಿನವರು ಆ ಕ್ಷಣದಲ್ಲಿ ಏನು ಹೇಳುತ್ತಾರೋ ಅದರಿಂದಲೇ ಮುಂದಿನ ಮಾತು ಹುಟ್ಟಬೇಕು. ವಾಲಿ ಸಾಯುವುದು ಪ್ರಸಂಗದಲ್ಲೇ ತೀರ್ಮಾನವಾಗಿದೆ. ಆದರೂ ಅವನು ವಾದದಲ್ಲಿ ಗೆಲ್ಲಬಹುದೇನೋ ಎಂದು ಕೇಳುಗರಿಗೆ ಅನಿಸಿದರೆ ಮಾತ್ರ ಆ ಹೊತ್ತು ಸಾರ್ಥಕ. ಒಂದು ಹಂತದಲ್ಲಿ ರಾಮನ ಪಾತ್ರಧಾರಿ ಧರ್ಮದ ಮೇಲೆ ದೀರ್ಘವಾಗಿ ಮಾತನಾಡಿ ನಿಲ್ಲಿಸಿದಾಗ, ವಾಲಿ ಬಹಳ ಹೊತ್ತು ಸುಮ್ಮನಿದ್ದು, “ಇಷ್ಟನ್ನು ಬಾಣ ಬಿಡುವ ಮೊದಲು ಹೇಳಿದ್ದರೆ ಕೇಳುತ್ತಿದ್ದೆನಲ್ಲ” ಎಂದರು. ಸಭೆಯಲ್ಲಿ ಉಸಿರಿನ ಸದ್ದೂ ಇರಲಿಲ್ಲ.

ಆದರೆ ಈ ಕಲೆಯಿಂದ ಬರಹಗಾರರು ಏನನ್ನು ತೆಗೆದುಕೊಳ್ಳಬೇಕು, ಏನನ್ನು ಬಿಡಬೇಕು ಎಂಬ ಚರ್ಚೆಗೆ ಸಮಯವನ್ನೇ ಇಟ್ಟಿರಲಿಲ್ಲ. ತಾಳಮದ್ದಳೆಯಲ್ಲಿ ಪಾತ್ರ ತನ್ನ ಮನಸ್ಸಿನಲ್ಲಿರುವುದನ್ನೆಲ್ಲ ಬಿಚ್ಚಿ ಹೇಳುತ್ತದೆ, ಪೀಠಿಕೆಯಲ್ಲಿ ತಾನು ಯಾರೆಂಬುದನ್ನೂ ಹೇಳಿಕೊಳ್ಳುತ್ತದೆ. ಕತೆಯಲ್ಲಿಯೋ ತೆರೆಯ ಮೇಲೆಯೋ ಅದೇ ಕೆಲಸವನ್ನು ಮಾಡಿದರೆ ಹಿಂದಿನ ದಿನ ಕೆಂಪು ಗೀಟು ಬಿದ್ದ ನನ್ನ ನಾಲ್ಕು ಪುಟಗಳೇ ಆಗುತ್ತವೆ. ನಾವು ಕಲಿಯಬೇಕಾದದ್ದು ಅರ್ಥಧಾರಿಯ ಮಾತಿನ ಉದ್ದವನ್ನಲ್ಲ, ಎದುರಿನವರ ಮಾತನ್ನು ಕೇಳಿಸಿಕೊಳ್ಳುವ ಅವರ ಎಚ್ಚರವನ್ನು. ಈ ಭೇದವನ್ನು ಹೇಳದೆ ಹೋದದ್ದರಿಂದ, ಅಂದು ಮಧ್ಯಾಹ್ನ ಬರೆದ ದೃಶ್ಯಗಳಲ್ಲಿ ಹಲವು ಪಾತ್ರಗಳು ಇದ್ದಕ್ಕಿದ್ದಂತೆ ಧರ್ಮಜಿಜ್ಞಾಸೆಗೆ ತೊಡಗಿದ್ದವು. ಮೀನು ಮಾರುವ ಹೆಂಗಸೊಬ್ಬಳು ಬಂಗುಡೆಯ ಬೆಲೆಯ ಬಗ್ಗೆ ಚೌಕಾಸಿ ಮಾಡುತ್ತ ಕರ್ಮಸಿದ್ಧಾಂತಕ್ಕೆ ಬಂದಿದ್ದಳು.

ನಂದಳಿಕೆಯ ಕವಿ ಮುದ್ದಣನನ್ನು (1870–1901) ಯಾರೂ ನೆನೆಯದಿದ್ದದ್ದು ಕೂಡ ನನಗೆ ಆಶ್ಚರ್ಯ ತಂದಿತು. ಉಡುಪಿಯ ಶಾಲೆಯಲ್ಲಿ ವ್ಯಾಯಾಮದ ಮೇಷ್ಟರಾಗಿದ್ದ ಆತ, ಕಾವ್ಯವನ್ನು ಹೇಳುವ ಗಂಡ ಮತ್ತು ಅದನ್ನು ಕೇಳುತ್ತ ನಡುನಡುವೆ ತಕರಾರು ತೆಗೆಯುವ ಹೆಂಡತಿಯ ಸಲ್ಲಾಪದಲ್ಲಿ ಇಡೀ ಕೃತಿಯನ್ನೇ ಕೂರಿಸಿದ. ಕತೆ ಕೇಳುವವಳಿಗೆ ಬೇಸರ ಬಂದದ್ದನ್ನೂ ಸಂಭಾಷಣೆಯಾಗಿಸಿದವನ ಊರು ಶಿಬಿರದಿಂದ ಹೆಚ್ಚು ದೂರದಲ್ಲಿರಲಿಲ್ಲ.

ಚಿತ್ರಕಥೆಯ ಭಾಗ ಇಡೀ ಶಿಬಿರದಲ್ಲಿ ತೀರ ದುರ್ಬಲವಾದದ್ದು. ಬರಬೇಕಾಗಿದ್ದ ಅತಿಥಿ ಬರಲಿಲ್ಲ. ತರಬೇತುದಾರರೇ ಅವಸರದಿಂದ ನಡೆಸಿದರು. ಒಂದು ಪುಟಕ್ಕೆ ಸುಮಾರು ಒಂದು ನಿಮಿಷ ಎಂಬ ಪ್ರಸಿದ್ಧ ಲೆಕ್ಕವನ್ನು ಹೇಳಿದರು. ಆದರೆ ಅದು 12 ಪಾಯಿಂಟಿನ ಕೊರಿಯರ್ ಅಕ್ಷರದಲ್ಲಿ, ನಿರ್ದಿಷ್ಟ ಅಂಚುಗಳನ್ನು ಬಿಟ್ಟು ಬರೆದ ಇಂಗ್ಲಿಷ್ ಹಸ್ತಪ್ರತಿಯಿಂದ ಬಂದ ಲೆಕ್ಕವೆಂದೂ, ಕನ್ನಡ ಲಿಪಿಯಲ್ಲಿ ಬರೆದಾಗ ಅದನ್ನು ಹಾಗೆಯೇ ನೆಚ್ಚುವಂತಿಲ್ಲವೆಂದೂ ಹೇಳಲಿಲ್ಲ. ಎಡಗಡೆ ದೃಶ್ಯ, ಬಲಗಡೆ ಮಾತು ಎಂದು ಎರಡು ಕಾಲಮಿನಲ್ಲಿ ಬರೆಯುವ ಪದ್ಧತಿಯ ಉಲ್ಲೇಖವೂ ಬರಲಿಲ್ಲ. ನಮ್ಮ ಚಿತ್ರಗಳ ಶೀರ್ಷಿಕೆಯಲ್ಲಿ ಕಥೆ, ಚಿತ್ರಕಥೆ, ಸಂಭಾಷಣೆ ಎಂದು ಮೂರನ್ನು ಬೇರೆಬೇರೆಯಾಗಿ ತೋರಿಸುವ ರೂಢಿಯಿದೆ. ಹಾಗಿರುವಾಗ ಇನ್ನೊಬ್ಬರ ಚಿತ್ರಕಥೆಗೆ ಮಾತು ಬರೆಯುವವನ ಕಷ್ಟವೇನು ಎಂಬುದು ಇಲ್ಲಿ ಬರಲೇಬೇಕಾದ ವಿಷಯವಾಗಿತ್ತು. ಡಬ್ಬಿಂಗ್‌ನಲ್ಲಿ ಮಾತನ್ನು ಬದಲಾಯಿಸುವಾಗ ಪ, ಬ, ಮ ಅಕ್ಷರಗಳಿಗೆ ತುಟಿ ಮುಚ್ಚುವುದರಿಂದ ಅವು ತೆರೆಯ ಮೇಲಿನ ತುಟಿಗೆ ಹೊಂದಿಕೊಳ್ಳಬೇಕು ಎಂಬ ಒಂದು ಉಪಯುಕ್ತ ಮಾತನ್ನು ಹೇಳಿ, ಅದನ್ನೂ ಅಭ್ಯಾಸವಿಲ್ಲದೆ ಬಿಟ್ಟರು.

ಕೊನೆಯ ಅವಧಿಯಲ್ಲಿ ಇಬ್ಬರು ರಂಗನಟರು ನಮ್ಮ ದೃಶ್ಯಗಳನ್ನು ಗಟ್ಟಿಯಾಗಿ ಓದಿದ್ದರಿಂದ ಆ ಕೊರತೆ ಸ್ವಲ್ಪ ತುಂಬಿತು. ಕಣ್ಣಿಗೆ ಚೆನ್ನಾಗಿ ಕಂಡ ಮಾತು ನಾಲಿಗೆಯ ಮೇಲೆ ಹೇಗೆ ಎಡವುತ್ತದೆ ಎಂಬುದು ಆಗ ತಿಳಿಯುತ್ತದೆ. “ಬಂದು”, “ನೋಡಿ”, “ತೆಗೆದುಕೊಂಡು” ಎಂದು ಸಾಲುಗಟ್ಟಿದ ವಾಕ್ಯಗಳಲ್ಲಿ ನಟಿಯ ಉಸಿರು ಕ್ರಿಯಾಪದ ತಲುಪುವ ಮೊದಲೇ ಮುಗಿಯುತ್ತಿತ್ತು. ಆಕೆ ಎಲ್ಲಿ ಉಸಿರೆಳೆದರೋ ಅಲ್ಲಿ ನಾವು ಪೆನ್ಸಿಲಿನಿಂದ ಗುರುತು ಹಾಕಿಕೊಂಡೆವು. ದುರದೃಷ್ಟವಶಾತ್ ಸಭಾಂಗಣದ ಮಾಡು ತಗಡಿನದ್ದು. ಮೂರೂವರೆಯ ಹೊತ್ತಿಗೆ ಮಳೆ ಹಿಡಿದಾಗ ಹಿಂದಿನ ಸಾಲಿನವರಿಗೆ ಏನೂ ಕೇಳಿಸಲಿಲ್ಲ, ಮೈಕು ಇದ್ದರೂ ಅದನ್ನು ಸಮಾರೋಪ ಸಮಾರಂಭಕ್ಕೆಂದು ತೆಗೆದಿಟ್ಟಿದ್ದರು. ಆ ಸಮಾರೋಪವೂ ಐವತ್ತು ನಿಮಿಷ ನಡೆಯಿತು. ಸ್ವಾಗತ, ಪ್ರಾಸ್ತಾವಿಕ, ಶಾಲು, ಸ್ಮರಣಿಕೆ, ಅಧ್ಯಕ್ಷೀಯ ನುಡಿ, ಧನ್ಯವಾದ. ಎರಡು ದಿನ ಮಾತನ್ನು ಕಡಿತಗೊಳಿಸಲು ಕಲಿಸಿದವರು ವೇದಿಕೆಯಲ್ಲಿ ಅಸಹಾಯಕರಾಗಿ ಕುಳಿತಿದ್ದರು. ಹದಿನಾಲ್ಕು ಮಂದಿಯ ದೃಶ್ಯಗಳನ್ನು ಓದಲು ಸಮಯ ಸಾಲಲಿಲ್ಲ.

ಊಟ, ಗೋಳಿಬಜೆ, ಚಹಾ ಎಲ್ಲವೂ ಚೆನ್ನಾಗಿದ್ದವು, ಉಡುಪಿಯಲ್ಲಿ ಅದನ್ನು ಬರೆಯುವ ಅಗತ್ಯವಿಲ್ಲ. ಕೈಪಿಡಿ ಮಾತ್ರ ಆ ಸ್ಲೈಡುಗಳ ನೆರಳಚ್ಚು. ಅದಕ್ಕಾಗಿ ಯಾರೂ ಸೇರಬೇಕಾಗಿಲ್ಲ.

ಕತೆ ಬರೆಯುವವರಿಗೆ ಈ ಶಿಬಿರವನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ, ಚಿತ್ರಕಥೆಗಾಗಿಯೇ ಬರುವವರಿಗೆ ಸದ್ಯಕ್ಕೆ ಬೇಡವೆನ್ನುತ್ತೇನೆ. ಸೇರುವವರು ಎಷ್ಟು ಮಂದಿ ಇರುತ್ತಾರೆಂದು ಮೊದಲೇ ಕೇಳಿ ಖಚಿತಪಡಿಸಿಕೊಳ್ಳಿ, ನಿಮ್ಮ ದೃಶ್ಯವನ್ನು ಬೇಗ ಕಳುಹಿಸಿ, ಮಳೆಗಾಲವಾದರೆ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ನನ್ನ ನಾಲ್ಕು ಪುಟಗಳು ಈಗ ಒಂದೂಕಾಲು ಪುಟವಾಗಿವೆ. ತಮ್ಮ ದುಬೈಗೆ ಹೊರಡುವಾಗ ಅಕ್ಕ ಅಂಗಳಕ್ಕೆ ಬಂದು ಹೇಳುವ ಒಂದು ಸಾಲನ್ನು ನಟಿ ಓದದೆ ಬರಿಯ ನೋಡಿ ಸುಮ್ಮನಿದ್ದರು. ಪುಟ ತಿರುಗಿಸಲು ಮರೆತದ್ದೋ ಬೇಕೆಂದೇ ಬಿಟ್ಟದ್ದೋ ಎಂದು ನಾನು ಕೇಳಲಿಲ್ಲ, ಮನೆಗೆ ಬಂದು ಆ ಸಾಲನ್ನು ಹೊಡೆದುಹಾಕಿದೆ.